ಉಪ್ಪುನೀರಿನ ಗಾಯಕ್ಕೆ ಸಿಹಿನೀರು

ಬಳಚು, ಅಂದರೆ ಕಪ್ಪೆಚಿಪ್ಪು, ಹೆಕ್ಕುವವರ ಕಾಲಿಗೆ ಆಗುವ ಗಾಯ ನೋಡಲು ಚಿಕ್ಕದು. ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಕೆಸರಿಗಿಳಿದಾಗ ಚಿಪ್ಪಿನ ಅಂಚು ಹಿಮ್ಮಡಿಯನ್ನೋ ಬೆರಳ ಸಂದನ್ನೋ ಕೊಯ್ದರೆ ತಕ್ಷಣ ಗೊತ್ತೇ ಆಗುವುದಿಲ್ಲ. ದಡಕ್ಕೆ ಬಂದ ಮೇಲೆ ರಕ್ತ ಕಾಣುತ್ತದೆ. ಆಗ ಹೆಚ್ಚಿನವರು ಅದೇ ನೀರಿನಲ್ಲಿ ಕಾಲು ತೊಳೆದು, ಉಪ್ಪುನೀರು ತಾಗಿದರೆ ಬೇಗ ಒಣಗುತ್ತದೆ ಎಂದು ಎದ್ದು ಹೋಗುತ್ತಾರೆ. ಈ ನಂಬಿಕೆಯನ್ನು ಮೊದಲು ಬಿಡಬೇಕು. ಆಸ್ಪತ್ರೆಯ ಸಲೈನ್ ಬೇರೆ, ಅಳಿವೆಯ ನೀರು ಬೇರೆ. ಗಾಯಕ್ಕೆ ಸೋಂಕು ತರುವ ವಿಬ್ರಿಯೊ ಜಾತಿಯ ಬ್ಯಾಕ್ಟೀರಿಯಾಗಳಿಗೆ ಬೆಚ್ಚಗಿನ, ಅರೆ ಉಪ್ಪಿನ ನೀರೇ ಮನೆ.

ಹಾಗಾಗಿ ದಡದಲ್ಲಿ ನಾನು ಇಡುವ ಔಷಧದ ಪೆಟ್ಟಿಗೆಯ ಪಕ್ಕ 20 ಲೀಟರ್ ಕುಡಿಯುವ ನೀರಿನ ಕ್ಯಾನ್ ಇದ್ದೇ ಇರುತ್ತದೆ. ಪೆಟ್ಟಿಗೆಯಲ್ಲಿ ಒಂದು ಖಾಲಿ ಸೋಡಾ ಬಾಟಲಿ, ಅದರ ಮುಚ್ಚಳಕ್ಕೆ ದಪ್ಪ ಸೂಜಿ ಕಾಯಿಸಿ ಚುಚ್ಚಿದ ಮೂರು ತೂತು. ನೀರು ತುಂಬಿಸಿ ಹಿಂಡಿದರೆ ಸಣ್ಣ ಧಾರೆ ರಭಸದಿಂದ ಬರುತ್ತದೆ. ಸುಮ್ಮನೆ ಚೊಂಬಿನಿಂದ ಸುರಿದರೆ ಚರ್ಮದಡಿ ಕೂತ ಕೆಸರು ಅಲ್ಲಾಡುವುದೇ ಇಲ್ಲ.

ರಕ್ತ ಹರಿಯುತ್ತಿದ್ದರೆ ತೊಳೆಯುವ ಮೊದಲು ಒತ್ತಬೇಕು. ಮಡಚಿದ ಗಾಜ್ ಬಟ್ಟೆ ಇಟ್ಟು, ಕಾಲನ್ನು ಎತ್ತರದಲ್ಲಿರಿಸಿ, ಗಡಿಯಾರ ನೋಡಿಕೊಂಡು 10 ನಿಮಿಷ. ನಿಂತಿತೋ ಇಲ್ಲವೋ ಎಂದು ನಡುವೆ ಎತ್ತಿ ನೋಡಿದರೆ ಆಗತಾನೇ ಕಟ್ಟಿದ ಹೆಪ್ಪು ಬಟ್ಟೆಯ ಜೊತೆಗೇ ಎದ್ದು ಬರುತ್ತದೆ, ಮತ್ತೆ ಮೊದಲಿನಿಂದ. ನಿಂತ ಮೇಲೆ ಕನಿಷ್ಠ ಅರ್ಧ ಲೀಟರ್ ನೀರನ್ನು ಗಾಯದೊಳಕ್ಕೇ ಹಾಯಿಸುತ್ತೇನೆ. ಸೋಪು ಸುತ್ತಲಿನ ಚರ್ಮಕ್ಕೆ ಮಾತ್ರ.

ತೊಳೆದ ಕಾಲನ್ನು ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿ. ನೆನೆದು ಬೆಳ್ಳಗಾದ ಚರ್ಮದ ಪದರದ ಕೆಳಗೆ ಚಿಪ್ಪಿನ ಚೂರು ಇದ್ದರೆ ಮೀನಿನ ಹುರುಪೆಯ ಹಾಗೆ ಒಮ್ಮೆ ಮಿನುಗುತ್ತದೆ. ಕಾಣುವ ಚೂರನ್ನು, ಸ್ಪಿರಿಟ್‌ನಲ್ಲಿ ಒರೆಸಿದ ಚಿಮಟದಿಂದ, ಅದು ಒಳಹೊಕ್ಕ ದಿಕ್ಕಿನಲ್ಲೇ ಎಳೆಯಬೇಕು. ಕಾಣದ್ದನ್ನು ಹುಡುಕಿ ಕೆದಕಬಾರದು, ಅದು ವೈದ್ಯರ ಕೆಲಸ. ಸ್ಪಿರಿಟ್ ಚಿಮಟಕ್ಕೆ ಸರಿ, ಗಾಯಕ್ಕಲ್ಲ. ಸ್ಪಿರಿಟ್ಟೂ ಹೈಡ್ರೋಜನ್ ಪೆರಾಕ್ಸೈಡೂ ಕ್ರಿಮಿಯ ಜೊತೆ ಹೊಸದಾಗಿ ಬೆಳೆಯಬೇಕಾದ ಜೀವಕೋಶವನ್ನೂ ಕೊಲ್ಲುತ್ತವೆ. ಅರಿಶಿನ, ಕಾಫಿಪುಡಿ ಮೆತ್ತಿದರೆ ಒಳಗೆ ಏನಾಗುತ್ತಿದೆ ಎಂದು ಕಾಣುವುದೇ ಇಲ್ಲ.

ಗಾಯವನ್ನು ಗಾಳಿಗೆ ಬಿಟ್ಟು ಒಣಗಿಸಬೇಕು ಅನ್ನುವುದೂ ಹಳೆಯ ಮಾತು. ಜಾರ್ಜ್ ವಿಂಟರ್ ಎಂಬ ವಿಜ್ಞಾನಿ 1962ರಲ್ಲಿ ಹಂದಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ತೇವ ಆರದಂತೆ ಮುಚ್ಚಿಟ್ಟ ಗಾಯದ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ವೇಗದಲ್ಲಿ ಬಂತು. ಒಣಗಿದ ಹೆಕ್ಕಳೆಯ ಅಡಿಯಲ್ಲಿ ಹೊಸ ಚರ್ಮ ದಾರಿ ಕೊರೆದುಕೊಂಡು ಹೋಗಬೇಕಾಗುತ್ತದೆ. ಆದ್ದರಿಂದ ತೆಳ್ಳಗೆ ವ್ಯಾಸಲೀನ್ ಸವರಿ, ಗಾಜ್ ಇಟ್ಟು ಕಟ್ಟಿ, ದಿನಕ್ಕೊಮ್ಮೆ ಬದಲಿಸುತ್ತೇನೆ, ಒದ್ದೆಯಾದರೆ ಆಗಲೇ. ಕಾಗದದ ಟೇಪು ನಮ್ಮ ಕಡೆಯ ಬೆವರಿಗೆ ನಿಲ್ಲದು, ಸುರುಳಿ ಬ್ಯಾಂಡೇಜೇ ಬೇಕು. ಗಾಯ ಮುಚ್ಚುವ ತನಕ ಹೊಳೆಗೆ ಇಳಿಯಬಾರದು. ದಿನಗೂಲಿಯವರಿಗೆ ಇದು ಹೇಳಿದಷ್ಟು ಸುಲಭವಲ್ಲ, ಗೊತ್ತು. ಆದರೂ ಹೇಳಲೇಬೇಕು.

ಬಾಯಿ ಬಿಟ್ಟುಕೊಂಡ ಗಾಯ, ಬೆರಳು ಮಡಚಲಾಗದಿರುವುದು, ತುದಿಯಲ್ಲಿ ಸ್ಪರ್ಶ ಇಲ್ಲದಿರುವುದು ಕಂಡರೆ ಅದೇ ದಿನ ಆಸ್ಪತ್ರೆ. ಕೊಳಕು ಗಾಯವಾಗಿದ್ದು ಧನುರ್ವಾಯು ಚುಚ್ಚುಮದ್ದು ತೆಗೆದುಕೊಂಡು 5 ವರ್ಷ ದಾಟಿದ್ದರೆ ಮತ್ತೊಂದು ಬೇಕು. ಕೆಂಪು ಎಲ್ಲಿಯವರೆಗಿದೆ ಎಂದು ಬಾಲ್‌ಪೆನ್ನಿನಿಂದ ಸುತ್ತ ಗೆರೆ ಎಳೆದಿಡಿ. ಗೆರೆ ದಾಟಿತು, ನೋವು ಗಾಯಕ್ಕೆ ಮೀರಿ ಹೆಚ್ಚಾಯಿತು, ಗುಳ್ಳೆ ಅಥವಾ ಜ್ವರ ಬಂತು ಅಂದರೆ ಬೆಳಗಿನ ತನಕ ಕಾಯಬಾರದು. ಸಕ್ಕರೆ ಕಾಯಿಲೆ, ಲಿವರ್ ತೊಂದರೆ ಇರುವವರಲ್ಲಿ ಇದು ಗಂಟೆಗಳ ಲೆಕ್ಕದಲ್ಲಿ ಏರುತ್ತದೆ.

ತೊರಕೆ ಮೀನಿನ ಬಾಲದ ಮುಳ್ಳು ಚುಚ್ಚಿದ್ದಕ್ಕೆ ಮಾತ್ರ ಬಿಸಿನೀರು. ಅದರ ವಿಷ ಪ್ರೋಟೀನು, ಶಾಖಕ್ಕೆ ಕೆಡುತ್ತದೆ. ಸುಮಾರು 45 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 30ರಿಂದ 90 ನಿಮಿಷ ಕಾಲನ್ನು ಮುಳುಗಿಸಬೇಕು. ಬಿಸಿಯನ್ನು ಚುಚ್ಚದ ಕಾಲಿನಿಂದ ಪರೀಕ್ಷಿಸಿ. ಚುಚ್ಚಿದ ಕಾಲಿಗೆ ನೋವಿನಲ್ಲಿ ಸುಡುವುದೂ ತಿಳಿಯುವುದಿಲ್ಲ. ಎದೆಗೋ ಹೊಟ್ಟೆಗೋ ನೆಟ್ಟ ಮುಳ್ಳನ್ನು ಎಳೆಯದೆ ಹಾಗೇ ಕರೆದೊಯ್ಯಿರಿ.

ಇನ್ನು ಸುಟ್ಟಗಾಯ. ದೋಣಿಯಲ್ಲಿ ಇಂಜಿನ್ನಿನ ಹೊಗೆಕೊಳವೆ, ಅಲೆಗೆ ಮಗುಚುವ ಗಂಜಿ ಪಾತ್ರೆ. ಗಂಜಿ ಬರಿಯ ನೀರಿಗಿಂತ ಕೆಟ್ಟದ್ದು, ಅಂಟಿಕೊಂಡು ಬಿಸಿ ಹಿಡಿದಿಟ್ಟು ಆಳಕ್ಕೆ ಸುಡುತ್ತದೆ. ನೆನೆದ ಬಟ್ಟೆ, ಉಂಗುರ, ಬಳೆ ಕೂಡಲೇ ತೆಗೆಯಬೇಕು. ಬಾವು ಬಂದ ಮೇಲೆ ಉಂಗುರ ಕತ್ತರಿಸಬೇಕಾಗುತ್ತದೆ. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಮಾತ್ರ ಕೀಳಬಾರದು. ಆಮೇಲೆ ಹರಿಯುವ ತಣ್ಣೀರು, 20 ನಿಮಿಷ. ಎರಡು ನಿಮಿಷಕ್ಕೆ ಉರಿ ಇಳಿಯಿತೆಂದು ನಿಲ್ಲಿಸುವುದೇ ಎಲ್ಲರೂ ಮಾಡುವ ತಪ್ಪು. ಒಳಪದರ ಇನ್ನೂ ಬಿಸಿಯಾಗಿಯೇ ಇರುತ್ತದೆ. ಸುಟ್ಟು ಮೂರು ಗಂಟೆಯೊಳಗೆ ಶುರು ಮಾಡಿದರೂ ಪ್ರಯೋಜನವಿದೆ, ಆದ್ದರಿಂದ ದೋಣಿಯಲ್ಲಿ ನೀರು ಸಾಲದಿದ್ದರೆ ದಡದ ನಲ್ಲಿಯಲ್ಲಿ ಉಳಿದದ್ದನ್ನು ಮುಗಿಸಿ. ಮೀನಿನ ಪೆಟ್ಟಿಗೆಯ ಐಸ್ ಬೇಡ, ಅದು ರಕ್ತನಾಳ ಕುಗ್ಗಿಸಿ ಗಾಯವನ್ನು ಆಳ ಮಾಡುತ್ತದೆ. ಅಡುಗೆಮನೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೊದಲ ಸುತ್ತು ಬಿಸಾಡಿ, ಒಳಗಿನದನ್ನು ಉದ್ದುದ್ದ ಹೊದಿಸುತ್ತೇನೆ, ಸುತ್ತುವುದಿಲ್ಲ. ಅಂಟುವುದಿಲ್ಲ, ಗಾಳಿ ತಾಗದೆ ಉರಿ ಕಡಿಮೆ, ವೈದ್ಯರಿಗೆ ಬಿಚ್ಚದೆಯೇ ಕಾಣುತ್ತದೆ. ಗುಳ್ಳೆ ಒಡೆಯಬಾರದು. ಗಾಯದವರ ಅಂಗೈಗಿಂತ ದೊಡ್ಡದು, ಮುಖ, ಕೈ, ಪಾದ, ಕೀಲು, ಮಕ್ಕಳು, ಬೆಳ್ಳಗಾಗಿ ನೋವಿಲ್ಲದ್ದು: ಇವೆಲ್ಲ ಆಸ್ಪತ್ರೆಗೆ.

ಬಿಸಿಲೂ ಸುಡುವುದೇ. ಕಾರವಾರಕ್ಕೆ ಏಪ್ರಿಲ್ ಕೊನೆಯಲ್ಲಿ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ಅದೂ 12 ಗಂಟೆಗಲ್ಲ, ಸುಮಾರು ಹನ್ನೆರಡೂವರೆಗೆ. ನೆರಳು ನಮಗಿಂತ ಗಿಡ್ಡ ಇರುವಷ್ಟು ಹೊತ್ತು ಉದ್ದ ತೋಳಿನ, ಒತ್ತಾಗಿ ನೆಯ್ದ ಗಾಢ ಬಣ್ಣದ ಅಂಗಿ, ಅಗಲ ಅಂಚಿನ ಟೋಪಿ. ತೆಳು ಬಿಳಿ ಹತ್ತಿ ಒದ್ದೆಯಾದರೆ ಬಿಸಿಲನ್ನು ಒಳಬಿಡುತ್ತದೆ. ಮರಳು ಮತ್ತು ನೊರೆ ಕೆಳಗಿನಿಂದಲೂ ಬೆಳಕು ಎಸೆಯುವುದರಿಂದ ಟೋಪಿಯೊಂದೇ ಸಾಲದು; ಮೂಗು, ಕಿವಿ, ತುಟಿಗೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಬೇಕು. ಮುಖ ಮತ್ತು ಕುತ್ತಿಗೆಗೆ ಎರಡು ಬೆರಳುದ್ದದ ಗೆರೆಯಷ್ಟು, ಹೊರಡುವ 20 ನಿಮಿಷ ಮೊದಲು, ಮತ್ತೆ ಎರಡು ಗಂಟೆಗೊಮ್ಮೆ, ಮುಖ ಒರೆಸಿದಾಗೆಲ್ಲ. ಕಡಲೆಕಾಳಿನಷ್ಟು ಹಚ್ಚಿದರೆ ಡಬ್ಬಿಯ ಮೇಲಿನ ಸಂಖ್ಯೆಗೆ ಅರ್ಥವಿಲ್ಲ. ಇಲಿಜ್ವರಕ್ಕೆಂದು ಡಾಕ್ಸಿಸೈಕ್ಲಿನ್ ನುಂಗುತ್ತಿರುವವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ಅವರಿಗೆ ಇದನ್ನು ಬಿಡಿಸಿ ಹೇಳಬೇಕು.

ಪೆಟ್ಟಿಗೆಯನ್ನು ಇಂಜಿನ್ ಪಕ್ಕ ಇಟ್ಟರೆ ಶಾಖಕ್ಕೆ ಸನ್‌ಸ್ಕ್ರೀನ್ ಒಡೆದು ನೀರಾಗುತ್ತದೆ, ಟೇಪಿನ ಅಂಟು ಹರಡುತ್ತದೆ. ನೆರಳಿನಲ್ಲಿಡಿ. ಕ್ಯಾನಿನ ನೀರನ್ನು ಎರಡು ದಿನಕ್ಕೊಮ್ಮೆ ಚೆಲ್ಲಿ ಹೊಸದು ತುಂಬಿಸಿ.