ಪೆಟ್ಟಿಗೆಯ ಮೇಲಿನ ಮುಖ ನೋಡಿ ತಂದ ದೋಸೆ ತವಾ

ಶಿವಮೊಗ್ಗದ ನಮ್ಮ ಮನೆಯಿಂದ ದಿನಾ ಬೆಳಿಗ್ಗೆ 22 ಡಬ್ಬಿ ತಿಂಡಿ ಹೋಗುತ್ತದೆ. ರೂಮು ಮಾಡಿಕೊಂಡಿರುವ ಹುಡುಗರು, ಬ್ಯಾಂಕಿನ ಇಬ್ಬರು, ಒಂಟಿಯಾಗಿರುವ ನಿವೃತ್ತ ಮೇಷ್ಟ್ರು ಒಬ್ಬರು. ವಾರಕ್ಕೆ ಮೂರು ದಿನ ದೋಸೆ. ಅಂದರೆ ಆ ದಿನಗಳಲ್ಲಿ ಏಳು ಗಂಟೆಯೊಳಗೆ 65-70 ದೋಸೆ ಏಳಬೇಕು. ಕಾವಲಿ ಕೈಕೊಟ್ಟರೆ ಅವತ್ತಿನ ದಿನವೇ ಕೆಟ್ಟ ಹಾಗೆ.

ಎರಡು ವರ್ಷದ ಹಿಂದೆ ದೀಪಾವಳಿ ಆಫರ್‌ನಲ್ಲಿ ಒಂದು ಅಡುಗೆ ಸೆಟ್ ತರಿಸಿದೆ. ಏಳು ಐಟಂ, ₹6,499. ಪೆಟ್ಟಿಗೆಯ ಮೇಲೆ ಟೀವಿಯಲ್ಲಿ ಅಡುಗೆ ಮಾಡಿ ತೋರಿಸುವ ಒಬ್ಬ ದೊಡ್ಡ ಬಾಣಸಿಗರ ಫೋಟೋ, ಕೆಳಗೆ ಅವರ ಸಹಿ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ, ನಾನು ಇಬ್ಬರೂ ಕೂತು ಅವರ ಕಾರ್ಯಕ್ರಮ ನೋಡುತ್ತಿದ್ದೆವು. ಪಲಾವಿಗೆ ಅಕ್ಕಿ ಎಷ್ಟು ಹೊತ್ತು ನೆನೆಸಬೇಕು, ಈರುಳ್ಳಿ ಯಾವ ಬಣ್ಣಕ್ಕೆ ಬಂದಾಗ ಉರಿ ಇಳಿಸಬೇಕು, ಇದೆಲ್ಲ ಅವರ ಕೈ ನೋಡಿ ಕಲಿತದ್ದು. ಅವರು ಕೆಟ್ಟ ಪಾತ್ರೆಗೆ ಹೆಸರು ಕೊಡುವವರಲ್ಲ ಅಂತ ನಂಬಿದ್ದೆ. ದುಡ್ಡು ಹೋಗಿದ್ದಕ್ಕಿಂತ ಆ ನಂಬಿಕೆ ಹೋಗಿದ್ದು ನನಗೆ ಜಾಸ್ತಿ ನೋವು ಕೊಟ್ಟಿತು.

ಸೆಟ್ಟಿನಲ್ಲಿ ದೋಸೆ ತವಾ, ಫ್ರೈ ಪ್ಯಾನ್, ಗಾಜಿನ ಮುಚ್ಚಳದ ಬಾಣಲೆ, ಒಂದು ಸ್ಟೀಲ್ ಪಾತ್ರೆ, ಎರಡು ನೈಲಾನ್ ಸಟ್ಟುಗ ಇದ್ದವು. ಮೊದಲ ತಿಂಗಳು ತುಂಬ ಚೆನ್ನಾಗಿತ್ತು. ನೀರುದೋಸೆ ಎಣ್ಣೆಯಿಲ್ಲದೆ ಏಳುತ್ತಿತ್ತು. ಅಕ್ಕಪಕ್ಕದವರಿಗೆಲ್ಲ ಹೇಳಿದೆ. ಎದುರು ಮನೆಯವರು ನನ್ನ ಮಾತು ಕೇಳಿ ಅದೇ ಸೆಟ್ ತರಿಸಿದರು. ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಎರಡನೇ ತಿಂಗಳು ತವಾದ ನಡು ಮೇಲಕ್ಕೆ ಉಬ್ಬಿತು. ಹಿಟ್ಟು ಹೊಯ್ದರೆ ಅಂಚಿಗೆ ಹರಿಯುತ್ತಿತ್ತು. ನಡುವೆ ಕಾಗದದಷ್ಟು ತೆಳು, ಸುತ್ತಲೂ ದಪ್ಪ, ಹಸಿ. ನಾಲ್ಕನೇ ತಿಂಗಳು ಕೋಟಿಂಗ್ ಮೇಲೆ ಸಾಸಿವೆಯಷ್ಟು ಗುಳ್ಳೆಗಳು ಎದ್ದವು. ಒಂದು ದಿನ ದೋಸೆಯ ತಳದಲ್ಲಿ ಕಪ್ಪು ಚೂರು ಕಂಡಿತು. ಅವತ್ತಿನ ದೋಸೆ ಪೂರ್ತಿ ತೆಗೆದಿಟ್ಟು, 22 ಮನೆಗೂ ಅವಲಕ್ಕಿ ಒಗ್ಗರಣೆ ಹಾಕಿ ಕಳಿಸಿದೆ. ಅಂಥ ಚೂರು ಹೊಟ್ಟೆಗೆ ಹೋದರೆ ಕರಗದೆ ಹಾಗೇ ಹೊರಹೋಗುತ್ತದೆ ಅಂತ ಆಮೇಲೆ ಓದಿ ತಿಳಿದೆ. ಆದರೂ ದುಡ್ಡು ತೆಗೆದುಕೊಂಡು ಇನ್ನೊಬ್ಬರ ಮಗುವಿಗೆ ಅದನ್ನು ಬಡಿಸೋಕೆ ಮನಸ್ಸು ಬರಲ್ಲ.

ಕಂಪನಿಗೆ ಫೋನ್ ಮಾಡಿದೆ. "ಮೇಡಂ, ಸ್ಟೀಲ್ ಸಟ್ಟುಗ ಬಳಸಿದ್ದೀರಾ? ಉರಿ ಜೋರು ಇಟ್ಟಿದ್ದೀರಾ?" ಅಂತ ಶುರುವಾಯಿತು. ವಾರಂಟಿ ಕಾರ್ಡ್ ತೆಗೆದು ನೋಡಿದೆ. ಮುಂದಿನ ಪುಟದಲ್ಲಿ 2 ವರ್ಷ ಅಂತ ದೊಡ್ಡದಾಗಿ ಇತ್ತು. ಹಿಂದೆ, ಕನ್ನಡಕ ಹಾಕಿದರೂ ಕಷ್ಟಪಟ್ಟು ಓದುವಷ್ಟು ಸಣ್ಣ ಅಕ್ಷರದಲ್ಲಿ, ಕೋಟಿಂಗ್‌ಗೆ ವಾರಂಟಿ ಇಲ್ಲ ಅಂತ ಬರೆದಿತ್ತು. ನಾನ್‌ಸ್ಟಿಕ್ ತವಾದಲ್ಲಿ ಕೋಟಿಂಗ್ ಬಿಟ್ಟರೆ ಇನ್ನೇನಿದೆ ಹೇಳಿ?

ನನ್ನ ಕಡೆಯ ತಪ್ಪನ್ನೂ ಹೇಳಿಬಿಡುತ್ತೇನೆ. ಬೆಳಗಿನ ಗಡಿಬಿಡಿಯಲ್ಲಿ ಖಾಲಿ ತವಾವನ್ನು ಜೋರು ಉರಿಯ ಮೇಲಿಟ್ಟು ಚಟ್ನಿ ರುಬ್ಬೋಕೆ ಹೋದದ್ದುಂಟು. ಈ ಕೋಟಿಂಗ್ ಪಿಟಿಎಫ್ಇ ಅನ್ನುವ ವಸ್ತುವಿನದು. ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಹಾಳಾಗತೊಡಗುತ್ತದೆ, ಇನ್ನೂ ಕಾದರೆ ಹೊಗೆಯೂ ಒಳ್ಳೆಯದಲ್ಲ. ಗ್ಯಾಸಿನ ದೊಡ್ಡ ಬರ್ನರ್ ಮೇಲೆ ಖಾಲಿ ತವಾ ಕೆಲವೇ ನಿಮಿಷದಲ್ಲಿ ಅಷ್ಟು ಕಾಯುತ್ತದೆ. ದಿನಕ್ಕೆ 70 ದೋಸೆ ಅನ್ನುವುದೂ ಮನೆಬಳಕೆಯ ತವಾಕ್ಕೆ ಹೆಚ್ಚೇ. ಇದನ್ನೆಲ್ಲ ಒಪ್ಪುತ್ತೇನೆ. ಆದರೆ ಎದುರು ಮನೆಯಲ್ಲಿ ದಿನಕ್ಕೆ ಆರು ದೋಸೆ, ಮರದ ಸಟ್ಟುಗ, ಸಣ್ಣ ಉರಿ. ಅವರದ್ದೂ ಎಂಟನೇ ತಿಂಗಳಿಗೆ ಸುಲಿಯಿತು.

ಹಾಗಾದರೆ ಪಾತ್ರೆಯಲ್ಲೇ ಏನೋ ಇದೆ ಅಂತ ನೋಡೋಕೆ ಕೂತೆ. ಪೆಟ್ಟಿಗೆಯ ಮೇಲೆ ದಪ್ಪ 3 ಮಿ.ಮೀ. ಅಂತಿತ್ತು. ಡಿಪ್ಲೊಮಾ ಓದುವ ಅಕ್ಕನ ಮಗನಿಂದ ವರ್ನಿಯರ್ ಕ್ಯಾಲಿಪರ್ ತರಿಸಿ ಅಳೆದರೆ ಅಂಚಿನಲ್ಲಿ 2.2 ಬಂತು. ಕಂಪನಿಯವರಿಗೆ ಹೇಳಿದರೆ "ಅಂಚು ತೆಳುವೇ ಇರುತ್ತೆ ಮೇಡಂ, ನಡುವೆ 3 ಇದೆ" ಅಂದರು. ನಡು ಅಳೆಯೋಕೆ ಕ್ಯಾಲಿಪರ್ ತಲುಪಲ್ಲವಲ್ಲ. ದೂರು ಎಲ್ಲ ಮುಗಿದ ಮೇಲೆ ವೆಲ್ಡಿಂಗ್ ಅಂಗಡಿಗೆ ಒಯ್ದು ತವಾವನ್ನು ಎರಡು ಹೋಳು ಮಾಡಿಸಿದೆ. ನಡುವೆ ಇದ್ದದ್ದು 2.3.

ಮುಕ್ಕಾಲು ಮಿಲಿಮೀಟರಿನಿಂದ ಏನಾಗುತ್ತೆ ಅನ್ನಿಸಬಹುದು. ದೋಸೆ ಹೊಯ್ಯುವವರಿಗೆ ಅದೇ ಎಲ್ಲ. ತೆಳು ಅಲ್ಯೂಮಿನಿಯಂ ಬೇಗ ಕಾಯುತ್ತದೆ, ಆದರೆ ಕಾವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ತಣ್ಣನೆಯ ಹಿಟ್ಟು ಬಿದ್ದ ಕೂಡಲೇ ಅದರ ಬಿಸಿ ಇಳಿಯುತ್ತದೆ. ನಾವು ಉರಿ ಏರಿಸುತ್ತೇವೆ. ದೋಸೆ ತೆಗೆದಾಗ ಖಾಲಿ ತವಾ ಆ ಏರಿಸಿದ ಉರಿಯಲ್ಲಿ ವಿಪರೀತ ಕಾಯುತ್ತದೆ. ಆಗ ನೀರು ಚಿಮುಕಿಸುತ್ತೇವೆ, ಎಲ್ಲರ ಮನೆಯಲ್ಲೂ ಹಾಗೇ ಅಲ್ವಾ? ಕಾದ ತೆಳು ಲೋಹದ ಮೇಲೆ ತಣ್ಣೀರು ಬಿದ್ದು ಬಿದ್ದು ಅದು ಸೊಟ್ಟಗಾಗುತ್ತದೆ. ಲೋಹ ಬಾಗಿದರೆ ಮೇಲಿನ ಕೋಟಿಂಗ್ ಸಡಿಲವಾಗುತ್ತದೆ. ದಪ್ಪ ತವಾ ಆಗಿದ್ದರೆ ನಾನು ಉರಿ ಏರಿಸುವ ಪ್ರಮೇಯವೇ ಅಷ್ಟು ಬರುತ್ತಿರಲಿಲ್ಲ. ಜೋರು ಉರಿ ನನ್ನ ತಪ್ಪು ಅಂತ ಫೋನಿನಲ್ಲಿ ಹೇಳಿದವರು ಈ ಸುತ್ತನ್ನು ಯೋಚಿಸಿಯೇ ಇರಲಿಲ್ಲ.

ಪೆಟ್ಟಿಗೆಯ ಮೇಲೆ ಹಸಿರು ಎಲೆಯ ಚಿತ್ರದ ಜೊತೆ 'ಪಿಎಫ್ಒಎ ಇಲ್ಲ' ಅಂತಲೂ ಇತ್ತು. ಅದನ್ನು ನೋಡಿ ಗಟ್ಟಿ ಮಾಲು ಅಂದುಕೊಂಡಿದ್ದೆ. ಪಿಎಫ್ಒಎ ಅಂದರೆ ಮೊದಲೆಲ್ಲ ಈ ಕೋಟಿಂಗ್ ವಸ್ತುವನ್ನು ತಯಾರಿಸುವಾಗ ಬಳಸುತ್ತಿದ್ದ ರಾಸಾಯನಿಕ. 2019ರಲ್ಲಿ, ಹಾನಿಕಾರಕ ರಾಸಾಯನಿಕಗಳ ಬಗ್ಗೆ ದೇಶಗಳು ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಗೆ ಅದು ಸೇರಿತು. ಅದು ಇಲ್ಲದಿರುವುದು ಒಳ್ಳೆಯದೇ. ಆದರೆ ಕೋಟಿಂಗ್ ಎಷ್ಟು ಪದರ ಇದೆ, ಎಷ್ಟು ದಿನ ಬಾಳುತ್ತದೆ ಅನ್ನುವುದಕ್ಕೂ ಆ ಮಾತಿಗೂ ಸಂಬಂಧವೇ ಇಲ್ಲ.

ಸ್ಟೀಲ್ ಪಾತ್ರೆಯದ್ದು ಇನ್ನೊಂದು ಕತೆ. ಉಪ್ಪು ಹಾಕಿದ ಸಾರನ್ನು ರಾತ್ರಿ ಅದರಲ್ಲೇ ಬಿಟ್ಟರೆ ತಳದಲ್ಲಿ ಸೂಜಿ ಚುಚ್ಚಿದ ಹಾಗೆ ಕಂದು ಚುಕ್ಕೆಗಳು ಬರುತ್ತಿದ್ದವು. ಒಳ್ಳೆಯ ಸ್ಟೀಲ್ ಹೌದೋ ಅಲ್ಲವೋ ನೋಡೋಕೆ ಅಯಸ್ಕಾಂತ ಹಿಡಿದೆ. ಅಂಟಲಿಲ್ಲ. ಸರಿ, ಪಾತ್ರೆಗೆ ಒಳ್ಳೆಯದು ಅನ್ನುವ 304 ದರ್ಜೆಯ ಸ್ಟೀಲೇ ಅಂದುಕೊಂಡೆ. ಅದು ತಪ್ಪು ಪರೀಕ್ಷೆ. 304ರಲ್ಲಿ ಸುಮಾರು 18% ಕ್ರೋಮಿಯಂ, 8% ನಿಕ್ಕಲ್ ಇರುತ್ತದೆ. 202 ಅನ್ನುವ ಅಗ್ಗದ ಸ್ಟೀಲಿನಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿರುತ್ತಾರೆ. ಅದಕ್ಕೂ ಅಯಸ್ಕಾಂತ ಅಂಟುವುದಿಲ್ಲ, ಆದರೆ ಉಪ್ಪು ಹುಳಿಗೆ ಅದು 304ರಷ್ಟು ತಡೆಯುವುದಿಲ್ಲ. ಇಂಡಕ್ಷನ್ ಒಲೆಗೆ ಆಗುತ್ತದೋ ಇಲ್ಲವೋ ತಿಳಿಯೋಕೆ ಅಯಸ್ಕಾಂತ ಸಾಕು. ಸ್ಟೀಲಿನ ದರ್ಜೆ ತಿಳಿಯೋಕೆ ಪಾತ್ರೆಯ ಮೇಲೆ ಏನು ಒತ್ತಿದ್ದಾರೆ, ಬಿಲ್ಲಿನಲ್ಲಿ ಏನು ಬರೆದಿದ್ದಾರೆ ಅಂತಲೇ ನೋಡಬೇಕು.

ಪೆಟ್ಟಿಗೆಯನ್ನು ಮಗುಚಿ ನೋಡಿದ್ದು ಆಮೇಲೆ. ಮಾರಾಟ ಮಾಡುವವರ ವಿಳಾಸ ಒಂದು, ತಯಾರಿಸಿದವರ ವಿಳಾಸ ಇನ್ನೊಂದು. ಗಾಂಧಿ ಬಜಾರಿನ ಪಾತ್ರೆ ಅಂಗಡಿಗೆ ಹೋಗಿ ಆ ತಯಾರಕರ ಹೆಸರು ಹೇಳಿದೆ. ಅಂಗಡಿಯವರು ಮೇಲಿನ ಅಟ್ಟದಿಂದ ಒಂದು ತವಾ ಇಳಿಸಿದರು. ಅದೇ ಹಿಡಿ, ಅದೇ ಮೂರು ರಿವಿಟ್, ಅದೇ ತೂಕ. ಮುಖ ಇಲ್ಲ, ಸಹಿ ಇಲ್ಲ. ಬೆಲೆ ಅರ್ಧಕ್ಕಿಂತ ಕಡಿಮೆ. "ಹೆಸರಿಗೆ ದುಡ್ಡು ಅಕ್ಕ, ಮಾಲು ಒಂದೇ" ಅಂದರು.

ಇದು ನಮ್ಮಲ್ಲಿ ಮಾತ್ರ ನಡೆಯುವುದಲ್ಲ. ಅಮೆರಿಕದ ಬಾಕ್ಸರ್ ಜಾರ್ಜ್ ಫೋರ್‌ಮನ್ ಹೆಸರಿನ ಗ್ರಿಲ್ 10 ಕೋಟಿಗೂ ಹೆಚ್ಚು ಮಾರಾಟವಾಯಿತು. ಅದನ್ನು ಕಂಡುಹಿಡಿದವರು ಅವರಲ್ಲ. 1999ರಲ್ಲಿ ಆ ಗ್ರಿಲ್ ಮಾರುತ್ತಿದ್ದ ಸಾಲ್ಟನ್ ಕಂಪನಿ ಆ ಹೆಸರು ಬಳಸುವ ಹಕ್ಕಿಗೇ 13 ಕೋಟಿ 75 ಲಕ್ಷ ಡಾಲರ್ ಮೌಲ್ಯ ಕೊಟ್ಟಿತು. ಗ್ರಿಲ್ ಒಳ್ಳೆಯದಿರಬಹುದು, ಅದು ಬೇರೆ ಮಾತು. ಒಂದು ಹೆಸರಿಗೆ ಇಷ್ಟು ಬೆಲೆ ಇದ್ದರೆ ಅದು ಕೊನೆಗೆ ಯಾರ ಜೇಬಿನಿಂದ ಬರುತ್ತದೆ ಅಂತ ಆ ಲೆಕ್ಕ ಓದಿದಾಗ ನನಗೆ ಅರ್ಥವಾಯಿತು.

ಸುಮ್ನೆ ಬಿಡೋಕೆ ಮನಸ್ಸಾಗಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು. ಬಿಲ್ಲು, ಪೆಟ್ಟಿಗೆಯ ಮೇಲಿನ 3 ಮಿ.ಮೀ. ಬರಹ, ಕ್ಯಾಲಿಪರ್ ಇಟ್ಟ ಅಂಚು, ಗುಳ್ಳೆ ಎದ್ದ ಕೋಟಿಂಗ್, ಎಲ್ಲದರ ಫೋಟೋ ಕೊಟ್ಟೆ. ಕಂಪನಿಗೂ ಒಂದು ಪತ್ರ ಬರೆದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ತಯಾರಕರಿಗೆ ಮಾತ್ರವಲ್ಲ, ಅದರಲ್ಲಿ ಕಾಣಿಸಿಕೊಂಡು ಶಿಫಾರಸು ಮಾಡುವವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಮತ್ತೆ ಮಾಡಿದರೆ 50 ಲಕ್ಷದವರೆಗೆ. ಹೇಳುವ ಮಾತು ನಿಜವೋ ಅಲ್ಲವೋ ಅಂತ ಸರಿಯಾಗಿ ವಿಚಾರಿಸಿದ್ದರೆ ಮಾತ್ರ ಅವರಿಗೆ ವಿನಾಯಿತಿ. ಈ ಸಾಲನ್ನು ಪತ್ರದಲ್ಲಿ ಬರೆದಿದ್ದೆ. ಮೂರು ವಾರದಲ್ಲಿ ಹೊಸ ತವಾ ಕಳಿಸುತ್ತೇವೆ ಅಂದರು. ಅದೇ ಮಾಲು ಇನ್ನೊಂದು ನನಗೆ ಬೇಡ ಅಂದೆ. ಕೊನೆಗೆ ತವಾ, ಬಾಣಲೆ ಎರಡರದ್ದು ಅಂತ ₹2,300 ಖಾತೆಗೆ ಬಂತು. ಉಳಿದದ್ದಕ್ಕೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದಿತ್ತು. ಇಷ್ಟು ಸಣ್ಣ ಮೊತ್ತದ ದೂರಿಗೆ ಶುಲ್ಕವೂ ಇಲ್ಲ. ಬೆಳಿಗ್ಗೆ ನಾಲ್ಕಕ್ಕೆ ಏಳುವ ನನ್ನ ಕೈಲಿ ಓಡಾಟ ಆಗಲಿಲ್ಲ. ಬಾಣಸಿಗರಿಗೂ ಒಂದು ಪತ್ರ ಹಾಕಿದ್ದೆ. ಉತ್ತರ ಬರಲಿಲ್ಲ.

ಆ ₹2,300ರಲ್ಲಿ ಮೊದಲು ತಂದದ್ದು ಬೀಡು ಕಬ್ಬಿಣದ ಕಾವಲಿ. 12 ಇಂಚು, 2 ಕಿಲೋ 700 ಗ್ರಾಂ. ಅಂಗಡಿಯಲ್ಲಿ ತೂಕ ಮಾಡಿಸಿ, ಸಮ ನೆಲದ ಮೇಲಿಟ್ಟು ಅಲುಗಾಡುತ್ತದೋ ನೋಡಿ, ಬೆರಳಿನ ಗೆಣ್ಣಿನಿಂದ ತಟ್ಟಿ ಸದ್ದು ಕೇಳಿ ಆರಿಸಿದೆ. ಬಿರುಕು ಇದ್ದರೆ ಸದ್ದು ಬೊದ್ದಾಗಿ ಬರುತ್ತದೆ.

ಪಳಗಿಸಿದ್ದು ಅತ್ತೆ ಹೇಳಿಕೊಟ್ಟ ಹಾಗೆ. ಮೊದಲು ಬಿಸಿನೀರು, ಸೋಪು ಹಾಕಿ ತಿಕ್ಕಿ ಅಂಗಡಿಯ ಎಣ್ಣೆ ಮಸಿ ತೆಗೆದೆ. ಮೂರು ದಿನ ಅನ್ನದ ಗಂಜಿ ತುಂಬಿಸಿಟ್ಟು ದಿನಾ ಬದಲಾಯಿಸಿದೆ. ಮೊದಲ ದಿನದ ಗಂಜಿ ಕಪ್ಪಗೆ, ಮೂರನೇ ದಿನದ್ದು ತಿಳಿಯಾಗಿ ಇತ್ತು. ತೊಳೆದ ತಕ್ಷಣ ಒಲೆಯ ಮೇಲಿಟ್ಟು ಒಣಗಿಸಿದೆ, ಒದ್ದೆ ಬಿಟ್ಟರೆ ಗಂಟೆಯೊಳಗೆ ತುಕ್ಕು. ಆಮೇಲೆ ಕಡಲೆಕಾಯಿ ಎಣ್ಣೆ ಸವರಿ, ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಿ, ಹೊಗೆ ಬರುವವರೆಗೆ ಕಾಯಿಸಿ ಆರಿಸಿದೆ. ಹೀಗೆ ಆರು ಸಲ. ಇಲ್ಲಿ ಎಲ್ಲರೂ ಎಡವುವುದು ಎಣ್ಣೆ ಜಾಸ್ತಿ ಹಾಕಿ. ಕಾದ ಎಣ್ಣೆ ಗಟ್ಟಿಯಾಗಿ ಕಬ್ಬಿಣಕ್ಕೆ ಕಚ್ಚಿಕೊಳ್ಳಬೇಕು. ದಪ್ಪ ಹಚ್ಚಿದರೆ ಜಿಗುಟು ಜಿಗುಟಾಗಿ ಉಳಿಯುತ್ತದೆ, ಮತ್ತೆ ತಿಕ್ಕಿ ತೆಗೆಯಬೇಕು.

ಮೊದಲ ವಾರ ಚಪಾತಿ, ಅಕ್ಕಿರೊಟ್ಟಿ ಮಾತ್ರ ಮಾಡಿದೆ. ಎರಡನೇ ವಾರ ಉದ್ದಿನ ದೋಸೆ, ಪ್ರತಿ ದೋಸೆಗೂ ಮುಂಚೆ ಎಣ್ಣೆಯಲ್ಲಿ ಅದ್ದಿದ ಅರ್ಧ ಈರುಳ್ಳಿಯಿಂದ ಉಜ್ಜಿಕೊಂಡು. ಮೊದಲ ನಾಲ್ಕು ಅಂಟಿದವು, ಐದನೆಯದು ಎದ್ದಿತು. ನೀರುದೋಸೆಗೆ ಮಾತ್ರ ಒಂದು ತಿಂಗಳು ಕಾದೆ. ಅದು ಎದ್ದ ದಿನ ಅತ್ತೆಯನ್ನು ಅಡುಗೆಮನೆಗೆ ಕರೆದು ತೋರಿಸಿದೆ. "ನಮ್ಮ ಅಮ್ಮನ ಕಾವಲಿ ಹೀಗೇ ಇತ್ತು ಕಣೇ" ಅಂದರು.

ಟೊಮೆಟೊ, ಹುಣಸೆ ಬೀಳುವ ಯಾವುದನ್ನೂ ಅದರ ಮೇಲೆ ಮಾಡುವುದಿಲ್ಲ. ಹುಳಿ ಬಿದ್ದರೆ ಪದರ ಹೋಗುತ್ತದೆ. ಒಣ ಪಲ್ಯಕ್ಕೆ ದಪ್ಪ ಹಿಂಡಾಲಿಯಂ ಬಾಣಲೆ ತಂದೆ. ಸಾರು, ಹುಳಿಗೆ ಟ್ರೈಪ್ಲೈ ಪಾತ್ರೆ ಒಂದು, ಅದು ಹೊರಗೆ ಒಳಗೆ ಸ್ಟೀಲ್, ನಡುವೆ ಅಲ್ಯೂಮಿನಿಯಂ. ಸ್ಟೀಲಿಗಿಂತ ಅಲ್ಯೂಮಿನಿಯಂ ಹತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಬಿಸಿ ಹರಡುತ್ತದೆ, ಅದಕ್ಕೇ ತಳ ಹಿಡಿಯುವುದು ಕಡಿಮೆ. ಒಂದೇ ಸಲ ಸೆಟ್ ತರಲಿಲ್ಲ. ತಿಂಗಳಿಗೆ ಒಂದು, ಕೈಯಲ್ಲಿ ಎತ್ತಿ ನೋಡಿ. ಕುಕ್ಕರ್ ತರುವಾಗ ಐಎಸ್ಐ ಗುರುತಿನ ಕೆಳಗಿನ ಲೈಸೆನ್ಸ್ ನಂಬರನ್ನು, ಆ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿದೆ. ನಿಜವಾಗಿ ತಯಾರಿಸಿದವರು ಯಾರು ಅಂತ ಅಲ್ಲೇ ಬರುತ್ತದೆ.

ಎದುರು ಮನೆಯವರಿಗೂ ಒಂದು ಕಾವಲಿ ತಂದುಕೊಟ್ಟೆ. ಅವರು ದುಡ್ಡು ಕೊಡೋಕೆ ಬಂದರೂ ನಾನು ತೆಗೆದುಕೊಳ್ಳಲಿಲ್ಲ. ನಾನು ಹೇಳಿಯೇ ಅಲ್ಲವೇ ಅವರು ಆ ಸೆಟ್ ತರಿಸಿದ್ದು. ಪಳಗಿಸುವುದು ನಮ್ಮ ಮನೆಯಲ್ಲೇ ನಡೆಯುತ್ತಿದೆ. ಇವತ್ತು ಬೆಳಿಗ್ಗೆ ಎರಡನೇ ಗಂಜಿ ಚೆಲ್ಲಿದೆ, ಇನ್ನೂ ಸ್ವಲ್ಪ ಕಪ್ಪು ಬಿಡುತ್ತಿದೆ.