ಧಾರವಾಡಕ್ಕ ಬರೋರು ಸಂಜಿ ಖಾಲಿ ಇಟ್ಕೊಂಡ ಬರ್ರಿ

ಲೈನ್ ಬಜಾರದಾಗ ಪೇಡೆ ಕಟ್ಟಿಸಿಕೊಂಡು ಮಧ್ಯಾಹ್ನದ ಗಾಡಿಗೆ ಹೊಳ್ಳಿ ಹೋಗೋರು ಭಾಳ ಮಂದಿ. ಅವರು ಧಾರವಾಡ ನೋಡಿಲ್ಲ ಅಂತನ ನನ್ನ ಲೆಕ್ಕ. ಇಲ್ಲಿಯ ಸಂಜಿ ಬೈಠಕ್, ಅಂದ್ರ ಹಿಂದೂಸ್ತಾನಿ ಸಂಗೀತದ ಕಛೇರಿ, ಕೇಳದ ಹೋದ್ರ ಹೆಂಗ?

ಊರಿಗೆ ಇಳಿದ ಕೂಡ್ಲೆ ಒಂದು ಚಾ ಹೇಳಿ, ಆವತ್ತಿನ ಪೇಪರಿನ ಸ್ಥಳೀಯ ಪುಟ ತಗೀರಿ. 'ಇಂದಿನ ಕಾರ್ಯಕ್ರಮ' ಅನ್ನೋ ಕಡೆ ವಿದ್ಯಾವರ್ಧಕ ಸಂಘ, ಸೃಜನಾ ರಂಗಮಂದಿರ ಅಂತ ಕಂಡ್ರ ಗುರ್ತು ಹಾಕ್ಕೋರಿ. ಎಷ್ಟೋ ಬೈಠಕ್‌ಗೆ ರೊಕ್ಕ ಕೊಡೋದಿರಂಗಿಲ್ಲ, ಹೋಗಿ ಕುಂತ್ರ ಆತು.

ಹಗಲು ಹೊತ್ತು ಕಳಿಯಾಕ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನಸೂರರ ಮನಿ 'ಮೃತ್ಯುಂಜಯ' ನೋಡ್ರಿ. ಆಮೇಲೆ ಶುಕ್ರವಾರಪೇಟಿ ಓಣ್ಯಾಗ ಒಂದು ಸುತ್ತು ಹಾಕ್ರಿ. ಗಂಗೂಬಾಯಿ ಹಾನಗಲ್ಲರು ಬೆಳೆದ ಓಣಿ ಅದು. ಅವರ ತಾಯಿ ಅಂಬಾಬಾಯಿ ಕರ್ನಾಟಕಿ ಹಾಡವ್ರು, ಅವರ ಹಾಡು ಕೇಳಾಕ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನ್ ಸಾಹೇಬ್ರು ಮನಿಗೇ ಬರ್ತಿದ್ರು. ಮೈಸೂರು ಅರಮನಿಗೆ ಹೊಂಟ ಉಸ್ತಾದರು ದಾರ್ಯಾಗ ಇಲ್ಲಿ ಇಳಕೊಂತಿದ್ರು. ಕನ್ನಡ ಮಾತಾಡೋ ಊರಾಗ ಹಿಂದೂಸ್ತಾನಿ ಬೇರು ಬಿಟ್ಟಿದ್ದು ಹಿಂಗ.

ಸುಭಾಸ ರೋಡಿನ ಮನೋಹರ ಗ್ರಂಥಮಾಲೆ ಅಟ್ಟ ಹತ್ತೋದು ಮರೀಬ್ಯಾಡ್ರಿ. 1933ರಾಗ ಶುರುವಾದ ಪ್ರಕಾಶನ, ಕಾರ್ನಾಡರ 'ಯಯಾತಿ' ಅಚ್ಚಾಗಿದ್ದು ಇಲ್ಲಿಂದನ. ಸಾಧನಕೇರಿಗೆ, ಬೇಂದ್ರೆ ಅಜ್ಜಾರ ಮನಿ ಕಡೆ, ಬಿಸಿಲು ಇಳಿದ ಮ್ಯಾಲೆ ಹೋಗ್ರಿ. ಮಳಿಗಾಲ ಆದ್ರ ಕೊಡಿ ಇರಲಿ, ಇಲ್ಲಿ ಜಿಟಿಜಿಟಿ ಹಿಡಿದ್ರ ಬಿಡಂಗಿಲ್ಲ.

ಪೇಡೆ ಬ್ಯಾಡ ಅನ್ನಂಗಿಲ್ಲ ಮತ್ತ. ಉತ್ತರ ಪ್ರದೇಶದ ಉನ್ನಾವದಿಂದ ಬಂದ ಠಾಕೂರ್ ಮನೆತನದ್ದು. ಹಾಲು ಕೆಂಪಗಾಗೋತನ ಹುರಿದು, ಮ್ಯಾಲೆ ಸಕ್ರಿ ಪುಡ್ಯಾಗ ಹೊಳ್ಳಾಡಿಸಿರ್ತಾರ. ಮುಂಜಾನೆನ ಹೋಗ್ರಿ, ಪಾಳಿ ಇರತೈತಿ.

ಇನ್ನು ಬೈಠಕ್. ಹಾಡು ನಡದಾಗ ಒಳಗ ನುಗ್ಗಬ್ಯಾಡ್ರಿ, ಒಂದು ರಾಗ ಮುಗಿಯೋತನ ಬಾಗಲದಾಗ ನಿಂದರ್ರಿ. ಜಮಖಾನಿ ಮ್ಯಾಲೆ ಕುಂದ್ರಾಕ ಆಗದವರಿಗೆ ಹಿಂದ ಖುರ್ಚಿ ಹಾಕಿರ್ತಾರ. ಮುಂದಿನ ಸಾಲಿನ ಹಿರ್ಯಾರ ಕೈ ನೋಡ್ರಿ: ತೊಡಿ ಮ್ಯಾಲೆ ತಾಳ ಹಾಕ್ಕೊಂತ ಕುಂತಿರ್ತಾರ, ಗವಾಯಿ ಸುತ್ತಾಡಿ ಬಂದು ತಾಳದ ಮೊದಲ ಪೆಟ್ಟಾದ ಸಮ್‌ಗೆ ಬಿದ್ದಾಗ ಎಲ್ಲಾರ ತಲಿನೂ ಒಮ್ಮೆಲೆ ಹೂಂ ಅಂತಾವ. ರಾಗದ ಹೆಸರು ಗೊತ್ತಿಲ್ಲಂದ್ರ ಚಿಂತಿಲ್ಲ, ಪಕ್ಕದವ್ರನ್ನ ಕೇಳ್ರಿ. ಮಧ್ಯಂತರದ ಚಾ ಕುಡಿಯೋತನ ಅವರು ರಾಗದ ಜೋಡಿ ಘರಾಣೆದ (ಗಾಯಕರ ಗುರು-ಶಿಷ್ಯ ಪರಂಪರೆ) ಕಥಿನೂ ಹೇಳ್ತಾರ.

ಕಛೇರಿ ಕಡೀಕ ಹಾಡೋ ರಾಗ ಭೈರವಿ, ಅದು ಮುಗಿಯೋತನ ಏಳಬ್ಯಾಡ್ರಿ. ಹುಬ್ಬಳ್ಳ್ಯಾಗ ಇಳಕೊಂಡಿದ್ರ ಅಲ್ಲಿಗೆ ಹೋಗೋ ಕಡೀ ಚಿಗರಿ ಬಸ್ ಎಷ್ಟಕ್ಕಂತ ಮೊದಲ ಕೇಳಿಟ್ಕೋರಿ.