ಪಾನಾ ಇಲ್ಲದೆ ತೆರೆಯುವ ಬಾನೆಟ್: ಹಳೇ ಟ್ರ್ಯಾಕ್ಟರಿಗೆ ನಾನು ಮಾಡಿಕೊಟ್ಟ ಬದಲಾವಣೆ

ನಮ್ಮ ಹಾವೇರಿ ಕಡೆ ಮೆಕ್ಕೆಜೋಳದ ರಾಶಿ ಶುರುವಾಯಿತು ಅಂದರೆ ಗ್ಯಾರೇಜಿಗೆ ಹೀಟ್ ಆದ ಟ್ರ್ಯಾಕ್ಟರ್‌ಗಳು ಬರತೊಡಗುತ್ತವೆ. ರಾಶಿ ಮಷೀನಿಗೆ ಪಿಟಿಒ (ಇಂಜಿನ್ ಶಕ್ತಿಯನ್ನು ಮಷೀನಿಗೆ ಕೊಡುವ, ಟ್ರ್ಯಾಕ್ಟರ್ ಹಿಂದಿನ ಶಾಫ್ಟ್) ಜೋಡಿಸಿ, ಗಾಡಿಯನ್ನು ಒಂದೇ ಕಡೆ ನಿಲ್ಲಿಸಿ ದಿನವಿಡೀ ಓಡಿಸುತ್ತಾರೆ. ಸುತ್ತಲೂ ಹೊಟ್ಟು, ಧೂಳು. ಫ್ಯಾನು ಅದನ್ನೆಲ್ಲ ಮುಂದಿನಿಂದ ಎಳೆದುಕೊಳ್ಳುತ್ತದೆ. ಹೊಟ್ಟು ರೇಡಿಯೇಟರಿಗೆ ಕಂಬಳಿ ಹೊದಿಸಿದ ಹಾಗೆ ಕೂತುಬಿಡುತ್ತದೆ. ಗಾಳಿ ನುಗ್ಗದೆ ನೀರು ಕುದಿಯುತ್ತದೆ, ಕೊನೆಗೆ ಇಂಜಿನ್ ಹೆಡ್ ಕೆಳಗಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗುತ್ತದೆ.

ಇದು ಗೊತ್ತಿಲ್ಲದ ಡ್ರೈವರ್ ಇಲ್ಲ. ಹಾಗಿದ್ದರೆ ಯಾಕೆ ಸ್ವಚ್ಛ ಮಾಡುವುದಿಲ್ಲ ಅಂತ ಒಬ್ಬ ಹುಡುಗನನ್ನು ಕೇಳಿದೆ. “ಅಣ್ಣಾರ, ರಾಶಿ ನಡದಾಗ ಪಾನಾ ಹುಡುಕ್ಕೋಂತ ಯಾರ ಕುಂದರ್ತಾರ್ರೀ?” ಅಂದ. ಅವನ ಮಾತು ಸರಿಯೇ ಇತ್ತು. ಅವನ ಗಾಡಿಯಲ್ಲಿ ರೇಡಿಯೇಟರ್ ಮುಖ ನೋಡಬೇಕಾದರೆ ಮುಂದಿನ ಜಾಲರಿಯ ಬೋಲ್ಟ್ ಬಿಚ್ಚಬೇಕು, ಫ್ಯಾನ್ ಬೆಲ್ಟ್ ಮುಟ್ಟಬೇಕಾದರೆ ಸೈಡ್ ಪ್ಯಾನಲ್ ಬಿಚ್ಚಬೇಕು. ಇಷ್ಟು ಕೆಲಸ ಇದ್ದರೆ ಯಾರೂ ದಿನಾ ಮಾಡುವುದಿಲ್ಲ. ಅದಕ್ಕೇ ನಾನು ಬಾನೆಟ್ ಮಾಡುವಾಗ ಮೆಕ್ಯಾನಿಕ್ ಬಗ್ಗೆ ಯೋಚಿಸುವುದಿಲ್ಲ. ಮೆಕ್ಯಾನಿಕ್ ಹತ್ತಿರ ಪಾನಾ ಇದ್ದೇ ಇರುತ್ತದೆ. ಹೊಲದಲ್ಲಿ ಒಬ್ಬನೇ ಇರುವ ಡ್ರೈವರಿನ ಖಾಲಿ ಕೈಯಿಂದ ಏನೇನು ಆಗಬೇಕು ಅಂತ ಮೊದಲು ಬರೆದುಕೊಳ್ಳುತ್ತೇನೆ. ಆಯಿಲ್ ನೋಡುವುದು, ನೀರು ನೋಡುವುದು, ಏರ್ ಕ್ಲೀನರ್ ಬಟ್ಟಲು ಬಿಚ್ಚುವುದು, ಬೆಲ್ಟ್ ಒತ್ತಿ ನೋಡುವುದು, ರೇಡಿಯೇಟರ್ ಝಾಡಿಸುವುದು. ಇಷ್ಟಕ್ಕೆ ಪಾನಾ ಬೇಕಾಗಬಾರದು.

ಬಾನೆಟ್ ಯಾವ ಕಡೆ ತೆರೆಯಬೇಕು ಅನ್ನುವುದೇ ಮೊದಲ ಪ್ರಶ್ನೆ. ಮುಂದಕ್ಕೆ ವಾಲುವ ಬಾನೆಟ್ ಹಳೇ ಕಾಲದ್ದು. ಇಂಗ್ಲೆಂಡಿನ ಕವೆಂಟ್ರಿಯಲ್ಲಿ 1946ರಿಂದ ತಯಾರಾದ ಫರ್ಗುಸನ್ ಟಿಇ20ಗೆ ಅಂಥದ್ದೇ ಇತ್ತು. ಇಂಜಿನ್ ಕೆಲಸಕ್ಕೆ ಅದು ಒಳ್ಳೆಯದೇ. ಆದರೆ ನಮ್ಮ ಕಡೆ ದಿನಾ ಬೇಕಾಗುವುದು ರೇಡಿಯೇಟರ್ ಮುಖ. ಅಲ್ಲೇ ಬಾನೆಟ್ ಬಂದು ಅಡ್ಡ ನಿಂತರೆ ಕೈ ಹಾಕುವುದು ಎಲ್ಲಿ? ಹಾಗಾಗಿ ನಾನು ಹಿಂಜ್ ಹಿಂದೆ, ಸ್ಟೀರಿಂಗ್ ಕಡೆ ಇಡುತ್ತೇನೆ.

ಇಲ್ಲಿ ಎರಡು ಅಡ್ಡಿ ಬರುತ್ತವೆ. ಒಂದು ಡೀಸೆಲ್ ಟ್ಯಾಂಕ್. ಹಳೇ ಗಾಡಿಗಳಲ್ಲಿ ಟ್ಯಾಂಕಿನ ಬಾಯಿ ಬಾನೆಟ್ಟಿನ ಹಿಂಭಾಗದಿಂದ ಮೇಲೆ ಬಂದಿರುತ್ತದೆ. ಅದಕ್ಕೆ ಬಾನೆಟ್ಟನ್ನು ಎರಡು ತುಂಡು ಮಾಡುತ್ತೇನೆ. ಟ್ಯಾಂಕಿನ ಮೇಲಿನ ಭಾಗ ಬೋಲ್ಟ್ ಹಾಕಿದ ಹಾಗೇ ಇರುತ್ತದೆ, ಮುಂದಿನದು ಮಾತ್ರ ಏಳುತ್ತದೆ.

ಇನ್ನೊಂದು ಅಡ್ಡಿ ಸೈಲೆನ್ಸರ್. ಬಾನೆಟ್ ತೂತಿನಿಂದ ನೇರ ಮೇಲೆ ಬಂದ ಪೈಪ್ ಇದ್ದರೆ ಹಿಂಜ್ ಕೆಲಸ ಮಾಡುವುದಿಲ್ಲ. ತೂತು ಹಿಂಜಿನಿಂದ 70 ಸೆಂ.ಮೀ. ಮುಂದೆ ಇದೆ ಅಂತಿಟ್ಟುಕೊಳ್ಳಿ. ಬಾನೆಟ್ 50 ಡಿಗ್ರಿ ಎದ್ದಾಗ ಆ ತೂತು ಸುಮಾರು 25 ಸೆಂ.ಮೀ. ಹಿಂದಕ್ಕೆ ಸರಿದಿರುತ್ತದೆ. ಅಷ್ಟುದ್ದ ಸೀಳಿದರೆ ಮಳೆ ನೀರು ಸೀದಾ ಇಂಜಿನ್ ಮೇಲೆ. ನಾನು ಪೈಪಿಗೆ ಎಲ್ಬೋ ಹಾಕಿ ಪಕ್ಕದಿಂದ ಹೊರಗೆ ತಂದು, ಅಲ್ಲಿಂದ ಮತ್ತೆ ಮೇಲಕ್ಕೇ ಒಯ್ಯುತ್ತೇನೆ. ಕೆಳಮುಖ ಮಾಡಿ ಬಿಡಿ ಅಂತ ಕೆಲವರು ಹೇಳುತ್ತಾರೆ, ಒಪ್ಪುವುದಿಲ್ಲ. ರಾಶಿ ಕಣದಲ್ಲಿ ಒಣ ರವದಿ ಬಿದ್ದಿರುತ್ತದೆ, ಒಂದು ಕಿಡಿ ಸಾಕು. ಏರ್ ಕ್ಲೀನರ್ ಪೈಪ್ ಹಾಗೆ ಮೇಲೆ ಬಂದಿದ್ದರೆ ಮಾತ್ರ ನಾನು ಹಿಂಜ್ ಕೆಲಸವನ್ನೇ ಕೈಬಿಡುತ್ತೇನೆ. ಅಲ್ಲಿ ಕತ್ತರಿಸಿ ಜೋಡಿಸಿದ ಕಡೆ ಸ್ವಲ್ಪ ಸಂದಿ ಬಿದ್ದರೂ ಧೂಳು ನೇರ ಸಿಲಿಂಡರಿಗೆ ಹೋಗುತ್ತದೆ.

ಎತ್ತಲು ಕಾರಿನ ಡಿಕ್ಕಿಗೆ ಬರುವ ಗ್ಯಾಸ್ ಶಾಕರ್ ಬಳಸುತ್ತೇನೆ. ಸುಮ್ನೆ ಸಿಕ್ಕಿದ್ದು ಹಾಕಿದರೆ ಆಗುವುದಿಲ್ಲ, ಲೆಕ್ಕ ಬೇಕು. ಬಾನೆಟ್ಟನ್ನು ನೆಲದ ಮೇಲೆ ಒಂದು ಪೈಪಿನ ಮೇಲಿಟ್ಟು ಹಿಂದೆ ಮುಂದೆ ಸರಿಸುತ್ತೇನೆ. ಎಲ್ಲಿ ಸಮತೂಕ ನಿಲ್ಲುತ್ತದೋ ಅಲ್ಲಿ ಸೀಮೆಸುಣ್ಣದಲ್ಲಿ ಗೆರೆ. ಬಾನೆಟ್ 16 ಕೆ.ಜಿ., ಗೆರೆ ಹಿಂಜಿನಿಂದ 50 ಸೆಂ.ಮೀ. ಇದ್ದರೆ ಗುಣಿಸಿದಾಗ 800. ಶಾಕರ್ ತಳ್ಳುವ ಗೆರೆ ಹಿಂಜಿನಿಂದ 16 ಸೆಂ.ಮೀ. ದೂರ ಹಾದುಹೋದರೆ 800ನ್ನು 16ರಿಂದ ಭಾಗಿಸಿ. 50 ಕೆ.ಜಿ. ಬಂತು, ಅಂದರೆ ಸುಮಾರು 500 ನ್ಯೂಟನ್. ಎರಡು ಕಡೆ ಹಂಚಿದರೆ ಒಂದೊಂದಕ್ಕೆ 250. ಶಾಕರ್ ಮೈಮೇಲೆ ಈ ಸಂಖ್ಯೆ ಬರೆದೇ ಇರುತ್ತದೆ. ಶಾಕರ್ ತಳ್ಳುವ ಗೆರೆಗೂ ಹಿಂಜಿಗೂ ನಡುವಿನ ದೂರ ಮುಚ್ಚಿದಾಗ ಕಡಿಮೆಯಾಗಿ, ಎತ್ತುತ್ತಾ ಹೋದ ಹಾಗೆ ಜಾಸ್ತಿಯಾಗುವಂತೆ ಬ್ರಾಕೆಟ್ ಕೂರಿಸಬೇಕು. ಇಲ್ಲದಿದ್ದರೆ ಮುಚ್ಚಿದ ಬಾನೆಟ್ ತಾನೇ ಮೇಲೇಳಲು ನೋಡುತ್ತದೆ. ಮುಚ್ಚಿದ ಸ್ಥಿತಿಯಲ್ಲಿ ರಾಡ್ ಕೆಳಮುಖ ಇರಬೇಕು, ಆಗ ಒಳಗಿನ ಎಣ್ಣೆ ಸೀಲ್ ಕಡೆ ನಿಂತು ಅದು ಬಾಳಿಕೆ ಬರುತ್ತದೆ. ಸೈಲೆನ್ಸರ್ ಕಡೆಯ ಶಾಕರನ್ನು ಬಿಸಿಯಿಂದ ಆದಷ್ಟು ದೂರ ಇಡುತ್ತೇನೆ. ಎಷ್ಟೇ ಒಳ್ಳೆಯದಾದರೂ ಗ್ಯಾಸ್ ಒಂದು ದಿನ ಇಳಿಯುತ್ತದೆ, ಅಲ್ವಾ? ಹಾಗಾಗಿ ಕಬ್ಬಿಣದ ಆನಿಕೆ ರಾಡ್ ಕೂಡ ಹಾಕಿಯೇ ಕೊಡುತ್ತೇನೆ.

ಲಾಕಿಗೆ ಜೀಪ್ ಬಾನೆಟ್ಟಿನ ಎರಡೂ ಬದಿ ಬರುವ ಕ್ಲ್ಯಾಂಪ್ ಸಾಕು. ಜೊತೆಗೆ ನಡುವೆ ಒಂದು ಕೊಂಡಿ ಕಡ್ಡಾಯ. ಮುಂದಿನಿಂದ ಏಳುವ ಬಾನೆಟ್, ಕ್ಲ್ಯಾಂಪ್ ಸಡಿಲಾದರೆ ರಸ್ತೆಯಲ್ಲಿ ಗಾಳಿಗೆ ಎದ್ದು ಡ್ರೈವರಿನ ಕಣ್ಣಿಗೆ ಅಡ್ಡ ಬರುತ್ತದೆ.

ನನಗೆ ತುಂಬಾ ಇಷ್ಟದ ಭಾಗ ಸೈಡ್ ಪ್ಯಾನಲ್. ಬೋಲ್ಟ್ ಬಿಚ್ಚಿ ಬಿಚ್ಚಿ ಬೇಸತ್ತು ಎಷ್ಟೋ ಜನ ಅದನ್ನು ಮನೆಯ ಅಟ್ಟಕ್ಕೆ ಹಾಕಿರುತ್ತಾರೆ. ಆಮೇಲೆ ಬೆಲ್ಟ್, ಫ್ಯಾನು ಎಲ್ಲ ಬಯಲಿಗೆ. ನಾನು ಪ್ಯಾನಲ್ಲಿನ ಕೆಳಗೆ ಎರಡು ಮೊಳೆ ವೆಲ್ಡ್ ಮಾಡಿ, ಅವು ಚಾಸಿಸ್ ಬ್ರಾಕೆಟ್ಟಿನ ರಬ್ಬರ್ ತೂತಿಗೆ ಇಳಿಯುವ ಹಾಗೆ ಮಾಡುತ್ತೇನೆ. ಮೇಲಿನ ಅಂಚನ್ನು ಬಾನೆಟ್ಟಿನ ಮಡಿಕೆಯೇ ಹಿಡಿದುಕೊಳ್ಳುತ್ತದೆ. ಬಾನೆಟ್ ಎತ್ತಿದರೆ ಪ್ಯಾನಲ್ ಬಿಡುಗಡೆ, ಮುಚ್ಚಿದರೆ ಬಿಗಿ. ಬೋಲ್ಟೇ ಇಲ್ಲ, ಕಳೆಯುವುದೂ ಇಲ್ಲ. ತಗಡು 18 ಗೇಜ್, ಅಂದರೆ ಸುಮಾರು 1.2 ಮಿ.ಮೀ. ಅದಕ್ಕಿಂತ ತೆಳ್ಳಗಿದ್ದರೆ ಇಂಜಿನ್ ನಡುಕಕ್ಕೆ ಬಡಿದುಕೊಳ್ಳುತ್ತದೆ.

ರೇಡಿಯೇಟರ್ ಮುಂದೆ ಸಣ್ಣ ತೂತಿನ ಜಾಲರಿಯನ್ನು ಎರಡು ಪಟ್ಟಿಗಳ ನಡುವೆ ಜಾರಿಸುತ್ತೇನೆ. ಇಂಜಿನ್ ಆರಿಸಿ, ಬಾನೆಟ್ ಎತ್ತಿ, ಜಾಲರಿ ಮೇಲಕ್ಕೆಳೆದು ಕೊಡವಿದರೆ ಹೊಟ್ಟು ಅಲ್ಲೇ ಬೀಳುತ್ತದೆ. ರೇಡಿಯೇಟರಿಗೆ ಗಾಳಿ ಹೊಡೆಯುವುದಾದರೆ ಇಂಜಿನ್ ಕಡೆಯಿಂದ ಮುಂದಕ್ಕೆ, ಕಡಿಮೆ ಪ್ರೆಷರಿನಲ್ಲಿ. ಇಲ್ಲದಿದ್ದರೆ ರೇಡಿಯೇಟರಿನ ತೆಳು ತಗಡಿನ ಫಿನ್ ಮಡಚಿಕೊಳ್ಳುತ್ತವೆ.

ರೇಡಿಯೇಟರಿನ ಮೇಲಂಚಿಗೂ ಬಾನೆಟ್ಟಿಗೂ ನಡುವೆ ರಬ್ಬರ್ ಬೀಡಿಂಗ್ ಹಾಕುವುದನ್ನು ಮರೆಯಬಾರದು. ಅಲ್ಲಿ ಸಂದಿ ಇದ್ದರೆ ಇಂಜಿನ್ ಕಡೆಯ ಬಿಸಿ ಗಾಳಿ ಮೇಲಿಂದ ಸುತ್ತಿ ಮತ್ತೆ ಮುಂದಕ್ಕೇ ಬರುತ್ತದೆ. ಜಾಲರಿ ಎಷ್ಟು ಸ್ವಚ್ಛ ಇದ್ದರೂ ಹೀಟ್ ಇಳಿಯುವುದಿಲ್ಲ. ಹೆಡ್‌ಲೈಟ್ ಬಾನೆಟ್ ಜೊತೆ ಏಳುವುದರಿಂದ ಅದರ ವೈರನ್ನು ಹಿಂಜ್ ಹತ್ತಿರ ಸಡಿಲ ಸುತ್ತು ಬಿಟ್ಟು ಒಯ್ಯಬೇಕು, ಕಪ್ಲರ್ ಹಾಕಬೇಕು.

ವಾರಂಟಿ ಇರುವ ಹೊಸ ಗಾಡಿಗೆ ನಾನು ಕಟರ್ ಮುಟ್ಟಿಸುವುದಿಲ್ಲ. ಇತ್ತೀಚಿನ ಗಾಡಿಗಳಿಗೆ ಒಂದೇ ತುಂಡಿನ ಬಾನೆಟ್, ಶಾಕರ್ ಕಂಪನಿಯಿಂದಲೇ ಬರುತ್ತದೆ. ಮುಂದೆ ಲೋಡರ್ ಕಟ್ಟಿದ ಹಳೇ ಗಾಡಿಯಾದರೆ ಅದರ ಫ್ರೇಮ್ ಪಕ್ಕದಲ್ಲಿ ಜಾಗ ಬಿಡುವುದಿಲ್ಲ. ಅಲ್ಲಿ ಪ್ಯಾನಲ್ಲನ್ನು ಮಧ್ಯದಲ್ಲಿ ಎರಡು ತುಂಡು ಮಾಡಿ, ಒಂದೊಂದಾಗಿ ಮೇಲಿನಿಂದಲೇ ಎತ್ತಿಕೊಳ್ಳುವ ಹಾಗೆ ಮಾಡಿಕೊಡುತ್ತೇನೆ.